ಬಿಎಸ್ಸಿಗೆ ಲ್ಯಾಬ್ ಇದೆ, ಬಿಎಗೆ ಗ್ರಾಮಸಭೆ ಯಾಕಿಲ್ಲ?

ಬಿಎಸ್ಸಿ ಓದುವ ಹುಡುಗಿ ಲ್ಯಾಬಿಗೆ ಹೋಗದೆ ಪಾಸಾಗಲ್ಲ. ಐಟಿಐ ಹುಡುಗ ಮೋಟರ್ ಬಿಚ್ಚಿ ಜೋಡಿಸಿ ತೋರಿಸಬೇಕು. ಬಿ.ಎಡ್ ಮಾಡುವವರು ಶಾಲೆಗೆ ಹೋಗಿ ಮಕ್ಕಳ ಮುಂದೆ ನಿಂತು ಪಾಠ ಮಾಡಬೇಕು. ಬಿಎಸ್‌ಡಬ್ಲ್ಯೂ ಓದುವವರಿಗೆ ಕ್ಷೇತ್ರಕಾರ್ಯ ಇದೆ. ಕಾನೂನು ಓದುವವರಿಗೆ ಅಣಕು ನ್ಯಾಯಾಲಯ ಇದೆ, ಇಂಟರ್ನ್‌ಶಿಪ್ ಕಡ್ಡಾಯ.

ಬಿಎಯಲ್ಲಿ ರಾಜ್ಯಶಾಸ್ತ್ರ, ಸಾರ್ವಜನಿಕ ಆಡಳಿತ ತೆಗೆದುಕೊಂಡವರ ಕಥೆಯೇ ಬೇರೆ. ಅವರು ವರ್ಷಗಟ್ಟಲೆ ಸರ್ಕಾರದ ಬಗ್ಗೆ ಓದಬಹುದು, ಒಂದೇ ಒಂದು ಗ್ರಾಮಸಭೆಗೆ ಹೋಗದೆ, ಒಂದು ಎಫ್‌ಐಆರ್ ಪ್ರತಿ ಕೈಯಲ್ಲಿ ಹಿಡಿಯದೆ, ಪಂಚಾಯಿತಿ ಬಜೆಟ್ಟಿನ ಒಂದು ಪುಟ ತಿರುವದೆ ಡಿಗ್ರಿ ಸರ್ಟಿಫಿಕೇಟ್ ಹಿಡಿದು ಊರಿಗೆ ಬರಬಹುದು.

ನಾವು ಈ ಬ್ಲಾಗ್ ನಡೆಸುವವರೆಲ್ಲ ತಾಲ್ಲೂಕು ಕಾಲೇಜುಗಳಲ್ಲಿ ಓದಿ ಬಂದವರು. ಪತ್ರಿಕೋದ್ಯಮದ ಜೊತೆ ನಮ್ಮಲ್ಲಿ ಬಹಳ ಜನರಿಗೆ ರಾಜ್ಯಶಾಸ್ತ್ರವೂ ಇತ್ತು. ಹಾಗಾಗಿ ಇದು ನಮಗೆ ಹೊರಗಿನ ವಿಷಯ ಅಲ್ಲ. ನಮ್ಮ ವಾದ ಸರಳ: ಸರ್ಕಾರದ ಬಗ್ಗೆ ಕಲಿಸುವ ಪ್ರತಿ ಡಿಗ್ರಿಗೂ ಪ್ರಾಕ್ಟಿಕಲ್ ಇರಬೇಕು, ಅದಕ್ಕೆ ಅಂಕ ಇರಬೇಕು, ಕಡ್ಡಾಯ ಆಗಬೇಕು. ಲ್ಯಾಬ್ ಕಟ್ಟಲು ಒಂದು ಪೈಸೆ ಬೇಡ. ಲ್ಯಾಬ್ ನಮ್ಮ ಊರಲ್ಲೇ ಇದೆ.

ಊರು ಕೇಳುವ ಪ್ರಶ್ನೆ

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಡಿಗ್ರಿ ಓದಿದವರು ಇದ್ದೇ ಇರುತ್ತಾರೆ. ಅವರಿಗೆ ಊರಿನ ಹಿರಿಯರು ಏನು ಕೇಳುತ್ತಾರೆ ಎಂದು ನಿಮಗೆ ಗೊತ್ತು. "ತಮ್ಮಾ, ನೀ ಡಿಗ್ರಿ ಓದ್ದಾಂವ, ಈ ನೋಟಿಸಿನಾಗ ಏನೈತಿ ನೋಡು." "ತಂಗೀ, ಈ ಅರ್ಜಿ ಯಾರಿಗೆ ಬರೀಬೇಕು? ಪಿಡಿಒಗೋ, ತಹಶೀಲ್ದಾರ್ರಿಗೋ?"

ಎಷ್ಟು ಸಲ ಆ ತಮ್ಮನೂ ಆ ತಂಗಿಯೂ ಉತ್ತರ ಗೊತ್ತಿಲ್ಲದೆ ಸುಮ್ಮನೆ ನಿಂತಿದ್ದಾರೆ? ಅವರು ದಡ್ಡರಲ್ಲ. ವುಡ್ರೋ ವಿಲ್ಸನ್ 1887ರಲ್ಲಿ ಆಡಳಿತದ ಅಧ್ಯಯನದ ಬಗ್ಗೆ ಲೇಖನ ಬರೆದ ಎಂದು ಕೇಳಿ, ಪಟ್ಟನೆ ಹೇಳುತ್ತಾರೆ. ಲೂಥರ್ ಗುಲಿಕ್ 1937ರಲ್ಲಿ ಕೊಟ್ಟ ಪೋಸ್ಡ್‌ಕಾರ್ಬ್ ಸೂತ್ರ ಕೇಳಿ: ಯೋಜನೆ, ಸಂಘಟನೆ, ಸಿಬ್ಬಂದಿ, ನಿರ್ದೇಶನ, ಸಮನ್ವಯ, ವರದಿ, ಬಜೆಟ್ ಎಂದು ಬೆರಳು ಮಡಚುತ್ತಾ ಎಣಿಸುತ್ತಾರೆ. ಆದರೆ ಪಹಣಿ ತಿದ್ದುಪಡಿಗೆ ಎಲ್ಲಿ ಹೋಗಬೇಕು, ಇ-ಸ್ವತ್ತು ಯಾರು ಕೊಡಬೇಕು, ಅರ್ಜಿ ತಿರಸ್ಕಾರವಾದರೆ ಹಿಂಬರಹ ಕೇಳಬೇಕು ಎಂಬುದು ಪಠ್ಯದಲ್ಲಿ ಇರಲಿಲ್ಲ. ಸೂತ್ರದಲ್ಲಿ ಬಜೆಟ್ ಇದೆ, ಊರಿನ ಬಜೆಟ್ ಮಾತ್ರ ಯಾರೂ ತೋರಿಸಲಿಲ್ಲ.

ವಿಲ್ಸನ್ ಬೇಡ, ಗುಲಿಕ್ ಬೇಡ ಎಂದು ನಾವು ಹೇಳುತ್ತಿಲ್ಲ. ಅವರಷ್ಟೇ ಸಾಕು ಎನ್ನುವುದನ್ನು ಒಪ್ಪುವುದಿಲ್ಲ.

ಈ ಕೊರತೆಗೆ ಬೆಲೆ ಕಟ್ಟುವವರು ಯಾರು? ಊರಿನವರು. ಡಿಗ್ರಿ ಓದಿದ ಮಗ ಅರ್ಜಿ ಬರೆಯಲು ಬಾರದೆ ನಿಂತಾಗ ಅಪ್ಪ ತಾಲ್ಲೂಕು ಕಚೇರಿ ಎದುರಿನ ಬ್ರೋಕರ್ ಹತ್ತಿರ ಹೋಗುತ್ತಾನೆ. ಪುಕ್ಕಟೆ ಆಗಬೇಕಾದ ಕೆಲಸಕ್ಕೆ ದುಡ್ಡು ಕೊಡುತ್ತಾನೆ, ದಿನಗೂಲಿ ಕಳೆದುಕೊಳ್ಳುತ್ತಾನೆ. ಬ್ರೋಕರ್ ಯಾವ ವಿಶ್ವವಿದ್ಯಾಲಯದಲ್ಲೂ ಆಡಳಿತ ಓದಿಲ್ಲ. ಆದರೆ ಯಾವ ಟೇಬಲ್ಲಿಗೆ ಯಾವ ಕಾಗದ ಹೋಗಬೇಕು ಎಂದು ಅವನಿಗೆ ಗೊತ್ತು.

ಪುಸ್ತಕದಲ್ಲಿ ಮೂರು ಹಂತ

ಪಂಚಾಯತ್ ರಾಜ್ ಪಾಠ ಪ್ರತಿ ರಾಜ್ಯಶಾಸ್ತ್ರ ವಿದ್ಯಾರ್ಥಿಗೂ ಇದೆ. ಸಂವಿಧಾನದ 73ನೇ ತಿದ್ದುಪಡಿ, 1993, ಮೂರು ಹಂತದ ವ್ಯವಸ್ಥೆ: ಗ್ರಾಮ, ತಾಲ್ಲೂಕು, ಜಿಲ್ಲೆ. ಹೀಗೆ ಬರೆದರೆ ಪೂರ್ತಿ ಅಂಕ. ಕರ್ನಾಟಕದವರಿಗೆ ಇದು ಹೆಮ್ಮೆಯ ಪಾಠವೂ ಹೌದು. ಇಡೀ ದೇಶಕ್ಕೆ ತಿದ್ದುಪಡಿ ಬರುವ ಹತ್ತು ವರ್ಷ ಮೊದಲೇ, 1983ರಲ್ಲಿ, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಯ ಕಾಯ್ದೆ ತಂದರು. 1987ರಲ್ಲಿ ಚುನಾವಣೆ ನಡೆಯಿತು, ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಮೀಸಲಿತ್ತು. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು.

ಈಗ ಪಾಠದಿಂದ ಊರಿಗೆ ಬನ್ನಿ. ಕರ್ನಾಟಕದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವುಗಳ ಅವಧಿ ಮುಗಿಯಿತು. ಐದು ವರ್ಷದ ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ಆದರೂ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟ್ ಕೇಸು ಎನ್ನುತ್ತಾ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಆ ಎರಡು ಹಂತಗಳನ್ನು ಅಧಿಕಾರಿಗಳೇ ನಡೆಸಿದರು.

ಈ ಅವಧಿಯಲ್ಲಿ ಡಿಗ್ರಿ ಮುಗಿಸಿದ ಹುಡುಗರನ್ನು ನೆನೆಸಿಕೊಳ್ಳಿ. ಪರೀಕ್ಷೆಯಲ್ಲಿ ಮೂರು ಹಂತ ಎಂದು ಬರೆದರು, ಪಾಸಾದರು. ಜಿಲ್ಲಾ ಪಂಚಾಯಿತಿ ಸದಸ್ಯ ಎಂಬ ಜೀವಿಯನ್ನು ಅವರು ಕಾಲೇಜಿನ ದಿನಗಳಲ್ಲಿ ನೋಡಲೇ ಇಲ್ಲ. "ಸಾರ್, ಎರಡು ಹಂತದಲ್ಲಿ ಸದಸ್ಯರೇ ಇಲ್ಲವಲ್ಲ?" ಎಂಬ ಪ್ರಶ್ನೆ ತರಗತಿಯಲ್ಲಿ ಎದ್ದಿದ್ದರೆ ಅದಕ್ಕಿಂತ ಒಳ್ಳೆಯ ರಾಜ್ಯಶಾಸ್ತ್ರದ ಪಾಠ ಬೇರೆ ಯಾವುದಿತ್ತು? ಗೈಡ್ ಓದಿಸುವ ತರಗತಿಯಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ. ಅದು ಸಿಲೆಬಸ್ಸಿನಲ್ಲಿ ಇಲ್ಲ.

ಠಾಣೆಯ ಮೆಟ್ಟಿಲು

ಅಪರಾಧ ನ್ಯಾಯ ವ್ಯವಸ್ಥೆಯ ಓದಿನ ವಿಷಯಕ್ಕೆ ಬರೋಣ. 2024ರ ಜುಲೈ 1ರಿಂದ ದೇಶದ ಕ್ರಿಮಿನಲ್ ಕಾನೂನುಗಳು ಪೂರ್ತಿ ಬದಲಾಗಿವೆ. 1860ರ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 1973ರ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. 1872ರ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ವಕೀಲರೇ ಹೊಸ ಸೆಕ್ಷನ್ ನಂಬರ್ ಕಲಿಯಲು ಒದ್ದಾಡಿದರು.

ಪರೀಕ್ಷೆಗೆ ಇದರಿಂದ ಏನು ಬರುತ್ತದೆ? ಐಪಿಸಿಯಲ್ಲಿ 511 ಸೆಕ್ಷನ್ ಇದ್ದವು, ಹೊಸದರಲ್ಲಿ 358 ಇವೆ ಎಂಬ ಒಂದು ಅಂಕದ ಪ್ರಶ್ನೆ. ಊರಿಗೆ ಬೇಕಾದದ್ದು ಬೇರೆ. ಅದನ್ನು ಇಲ್ಲೇ ಹೇಳುತ್ತೇವೆ, ಓದಿ ಇಟ್ಟುಕೊಳ್ಳಿ.

ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಗಂಭೀರ ಅಪರಾಧದ ದೂರು ಕೊಟ್ಟರೆ ಎಫ್‌ಐಆರ್ ದಾಖಲಿಸಲೇಬೇಕು. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಇದನ್ನು ಹೇಳಿದೆ, ಪ್ರಾಥಮಿಕ ವಿಚಾರಣೆಗೆ ಕೆಲವೇ ಬಗೆಯ ಪ್ರಕರಣಗಳಲ್ಲಿ ಅವಕಾಶ ಇಟ್ಟು. ಹೊಸ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ನಡೆದಿರಲಿ, ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು. "ಇದು ನಮ್ಮ ಲಿಮಿಟ್ ಅಲ್ಲ, ಆ ಠಾಣೆಗೆ ಹೋಗ್ರಿ" ಎಂದು ಅಲೆದಾಡಿಸುವಂತಿಲ್ಲ. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಠಾಣೆಯವರು ದೂರು ತೆಗೆದುಕೊಳ್ಳದಿದ್ದರೆ ಅದನ್ನು ಬರಹದಲ್ಲಿ ಅಂಚೆ ಮೂಲಕ ಎಸ್‌ಪಿಗೆ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. ತನಿಖೆ ಎಲ್ಲಿಗೆ ಬಂತು ಎಂದು ದೂರುದಾರರಿಗೆ 90 ದಿನದೊಳಗೆ ಪೊಲೀಸರೇ ತಿಳಿಸಬೇಕು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರ ನೆರವು ಕೇಳುವ ಹಕ್ಕಿದೆ. ಅದಕ್ಕೆ ಸಹಾಯವಾಣಿ 15100.

ಇಷ್ಟು ಹೇಳಲು ಒಂದು ಪ್ಯಾರಾ ಸಾಕಾಯಿತು. ಒಂದು ಸೆಮಿಸ್ಟರಿನ ಓದಿನಲ್ಲಿ ಇದಕ್ಕೆ ಜಾಗ ಸಿಗುವುದಿಲ್ಲವೇ? ಠಾಣೆಯಲ್ಲಿ ರೈಟರ್ ಮುಂದೆ ಕೂತು ದೂರು ಹೇಗೆ ಬರೆಯಬೇಕು, ದಿನಾಂಕ, ಸಮಯ, ಜಾಗ, ಸಾಕ್ಷಿ ಹೇಗೆ ನಮೂದಿಸಬೇಕು, ಎನ್‌ಸಿ ಎಂದರೇನು, ಎಫ್‌ಐಆರ್ ಎಂದರೇನು ಎಂದು ಗೊತ್ತಿರುವ ಒಬ್ಬಳು ಹುಡುಗಿ ಓಣಿಗೊಬ್ಬಳಿದ್ದರೂ ಎಷ್ಟೋ ಕೇಸುಗಳ ದಿಕ್ಕು ಬದಲಾಗುತ್ತದೆ.

ಲೊಂಬ್ರೋಸೊ ಗೊತ್ತು, ಸೆಟ್ಲಮೆಂಟ್ ಗೊತ್ತಿಲ್ಲ

ಅಪರಾಧಶಾಸ್ತ್ರ ನಮಗೆ ಹೊಸದೇನಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅದಕ್ಕೆಂದೇ ವಿಭಾಗ ಇದೆ. ಈ ವಿಷಯ ತೆಗೆದುಕೊಂಡವರೆಲ್ಲ ಮೊದಲು ಓದುವ ಹೆಸರುಗಳಲ್ಲಿ ಇಟಲಿಯ ಲೊಂಬ್ರೋಸೊ ಒಬ್ಬ. ಕೆಲವರು ಹುಟ್ಟಿನಿಂದಲೇ ಅಪರಾಧಿಗಳು, ಮುಖದ ಆಕಾರದಲ್ಲೇ ಅದು ಗೊತ್ತಾಗುತ್ತದೆ ಎಂದು 1876ರಲ್ಲಿ ಪುಸ್ತಕ ಬರೆದವನು. ಆ ಸಿದ್ಧಾಂತ ಸುಳ್ಳು ಎಂದು ಈಗ ಎಲ್ಲರೂ ಒಪ್ಪುತ್ತಾರೆ.

ಅವನ ಪುಸ್ತಕಕ್ಕೂ ಐದು ವರ್ಷ ಮೊದಲು, 1871ರಲ್ಲಿ, ಬ್ರಿಟಿಷ್ ಸರ್ಕಾರ ನಮ್ಮ ದೇಶದಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದಿತು. ಕೆಲವು ಸಮುದಾಯಗಳಲ್ಲಿ ಹುಟ್ಟಿದರೆ ಸಾಕು, ನೀವು ಕಳ್ಳರು. ಠಾಣೆಯಲ್ಲಿ ಹೆಸರು ಬರೆಸಬೇಕು, ಹಾಜರಿ ಹಾಕಬೇಕು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರಿನ ಬಡಾವಣೆಗಳು ಇವತ್ತಿಗೂ ಇವೆ. ಆ ಹೆಸರು ಬಂದದ್ದು ಅಂಥ ಜನರನ್ನು ಕೂಡಿಹಾಕಿದ ವಸಾಹತುಗಳಿಂದ. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ, ಆ ಕಾನೂನು ರದ್ದಾಯಿತು. ಊರಲ್ಲಿ ಕಳ್ಳತನವಾದರೆ ಮೊದಲು ಯಾವ ಹಟ್ಟಿಯ ಕಡೆ ಬೆರಳು ತೋರಿಸುತ್ತಾರೆ ಎಂಬುದು ರದ್ದಾಗಿಲ್ಲ.

ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಎಂದು ಆ ಕಡೆಯವರಿಗೆ ಹೇಳಬೇಕಿಲ್ಲ. ಇಟಲಿಯ ಲೊಂಬ್ರೋಸೊ ಓದಿದ ಮರುದಿನ ವಿದ್ಯಾರ್ಥಿಗಳು ಸೆಟ್ಲಮೆಂಟಿಗೆ ಹೋಗಿ ಅಲ್ಲಿನ ಅಜ್ಜ-ಅಜ್ಜಿಯರ ಮಾತು ಕೇಳುವುದು ಪಾಠದ ಭಾಗವಾಗಬೇಕು. ಇವರೇ ನಾಳೆ ಕಾನ್‌ಸ್ಟೆಬಲ್, ಪಿಎಸ್‌ಐ ಆಗುವವರು. ಹುಟ್ಟಿನಿಂದ ಯಾರೂ ಕಳ್ಳರಲ್ಲ ಎಂಬುದು ಅವರಿಗೆ ಐದು ಅಂಕದ ಉತ್ತರವಾಗಿ ಗೊತ್ತಿದ್ದರೆ ಸಾಲದು.

ಅಂಬೇಡ್ಕರ್ ಓದಿದ ರೀತಿ

ಪ್ರತಿ ಕಾಲೇಜಿನಲ್ಲೂ ಅಂಬೇಡ್ಕರ್ ಫೋಟೋ ಇದೆ. ಅವರು ಸರ್ಕಾರವನ್ನು ಹೇಗೆ ಓದಿದರು ಎಂದು ನೋಡಿ. 1915ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂಎಗಾಗಿ ಅವರು ಬರೆದ ಪ್ರಬಂಧದ ವಿಷಯ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸು. 1925ರಲ್ಲಿ ಪ್ರಕಟವಾದ ಅವರ ಇನ್ನೊಂದು ಪುಸ್ತಕ ಬ್ರಿಟಿಷ್ ಭಾರತದ ಪ್ರಾಂತ್ಯಗಳ ಹಣಕಾಸಿನ ಬಗ್ಗೆ. ತೆರಿಗೆ ಯಾರಿಂದ ಬಂತು, ಯಾವುದಕ್ಕೆ ಖರ್ಚಾಯಿತು, ಯಾರ ಕೈಯಲ್ಲಿ ಅಧಿಕಾರ ಇತ್ತು ಎಂದು ಲೆಕ್ಕದ ಕಾಗದ ಹಿಡಿದು ಓದಿದ ಮನುಷ್ಯ ಅವರು. ಸಂವಿಧಾನ ಬರೆಯುವ ಕೈ ಹೀಗೆ ತಯಾರಾಯಿತು.

ನಮ್ಮ ಹುಡುಗರಿಗೆ ಕಂಪನಿಯ ಲೆಕ್ಕ ಬೇಡ, ಸ್ವಂತ ಪಂಚಾಯಿತಿಯ ಲೆಕ್ಕ ಓದಲು ಕಲಿಸಿ. ಎಷ್ಟು ಅನುದಾನ ಬಂತು, ಮನೆಗಂದಾಯ ಎಷ್ಟು ವಸೂಲಾಯಿತು, ಪರಿಶಿಷ್ಟರಿಗೆ ಮೀಸಲಿಟ್ಟ ಹಣ ಎಲ್ಲಿ ಖರ್ಚಾಯಿತು, ಬೀದಿದೀಪದ ಬಿಲ್ ಎಷ್ಟು. ಕರ್ನಾಟಕದಲ್ಲಿ ಪಂಚಾಯಿತಿ ಲೆಕ್ಕಪತ್ರವನ್ನು ಜನರ ಮುಂದೆ ಇಡುವ ಜಮಾಬಂದಿ ಎಂಬ ಪದ್ಧತಿಯೇ ಇದೆ. ಅಲ್ಲಿ ಹಿಂದಿನ ಸಾಲಿನಲ್ಲಿ ಹತ್ತು ಡಿಗ್ರಿ ವಿದ್ಯಾರ್ಥಿಗಳು ನೋಟ್‌ಬುಕ್ ಹಿಡಿದು ಕೂತರೆ ಸಾಕು, ಸಭೆಯ ಮಾತೇ ಬದಲಾಗುತ್ತದೆ.

ಕೋಚಿಂಗ್ ಸೆಂಟರ್ ಆದ ಡಿಗ್ರಿ

"ಪ್ರಾಕ್ಟಿಕಲ್ ಎಲ್ಲ ಯಾಕೆ? ಹುಡುಗರಿಗೆ ಬೇಕಿರೋದು ಕೆಲಸ. ಕೆಪಿಎಸ್‌ಸಿ, ಪಿಡಿಒ, ಪಿಎಸ್‌ಐ ಪರೀಕ್ಷೆಗೆ ತಯಾರು ಮಾಡಿ ಸಾಕು" ಎನ್ನುವವರಿದ್ದಾರೆ. ಕೆಲಸ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಹಾಕಿ.

2024ರಲ್ಲಿ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳು 384. ಆಗಸ್ಟಿನಲ್ಲಿ ಪೂರ್ವಭಾವಿ ಪರೀಕ್ಷೆ ನಡೆಯಿತು. ಕನ್ನಡ ಪ್ರಶ್ನೆಪತ್ರಿಕೆಯ ಅನುವಾದದಲ್ಲಿ ತಪ್ಪುಗಳು. ಡಿಸೆಂಬರಿನಲ್ಲಿ ಮರುಪರೀಕ್ಷೆ ನಡೆಯಿತು, ಆಗಲೂ ತಪ್ಪುಗಳು. ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿ ಹುಡುಗರು ಬೀದಿಗಿಳಿದರು. ಅದಕ್ಕೂ ಮೊದಲು 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯಲ್ಲಿ ಒಎಂಆರ್ ಶೀಟ್ ತಿದ್ದಿದ ಹಗರಣ ಹೊರಬಂತು, 2022ರಲ್ಲಿ ನೇಮಕಾತಿ ಪರೀಕ್ಷೆ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷ ಹೋಯಿತು.

ಹುದ್ದೆ ನೂರಾರು, ಓದುವವರು ಲಕ್ಷಾಂತರ. ಎಲ್ಲವೂ ಸರಿಯಾಗಿ ನಡೆದರೂ ಬಹುತೇಕರಿಗೆ ಆ ಕುರ್ಚಿ ಸಿಗುವುದಿಲ್ಲ. ಸಿಗದವರಿಗೆ ಈ ಡಿಗ್ರಿ ಏನು ಕೊಟ್ಟಿತು? ಕುರ್ಚಿಯ ಆ ಕಡೆ ಕೂರುವವರು ಕೆಲವರು, ಈ ಕಡೆ ನಿಲ್ಲುವವರು ಎಲ್ಲರೂ. ಆ ಕಡೆಯವರಿಗಷ್ಟೇ ತಯಾರಿ ಕೊಡುವ ಓದು ಸಾರ್ವಜನಿಕ ಆಡಳಿತದ ಓದು ಹೇಗಾಗುತ್ತದೆ?

ಮೂರು ಆಕ್ಷೇಪಗಳು

"ಅಧಿಕಾರಿಗಳು ಒಳಗೆ ಬಿಡಬೇಕಲ್ಲ?" ಗ್ರಾಮಸಭೆಗೆ ಯಾರ ಅನುಮತಿಯೂ ಬೇಡ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ನೀವು ಅದರ ಸದಸ್ಯರು. ನಮ್ಮ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೆ ಒಮ್ಮೆಯಾದರೂ ಸಭೆ ನಡೆಯಲೇಬೇಕು. ಕೋರ್ಟಿನ ವಿಚಾರಣೆ ಸಾಮಾನ್ಯವಾಗಿ ತೆರೆದ ನ್ಯಾಯಾಲಯದಲ್ಲೇ ನಡೆಯುತ್ತದೆ, ಶಿಸ್ತಿನಿಂದ ಹಿಂದೆ ಕೂತು ನೋಡಬಹುದು. ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಬರಬೇಕು, ಕಡತ ನೋಡಲೂ ಕೇಳಬಹುದು. ಬಾಗಿಲು ತೆರೆದೇ ಇದೆ, ಕಾಲೇಜು ಮಕ್ಕಳನ್ನು ಕರೆದುಕೊಂಡು ಹೋಗುತ್ತಿಲ್ಲ.

"ಉಪನ್ಯಾಸಕರಿಗೆ ಪುರುಸೊತ್ತೆಲ್ಲಿ?" ಇದು ನಿಜವಾದ ಆಕ್ಷೇಪ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರಿಗೆ ಇನ್ನೊಂದು ಹೊರೆ ಹೊರಿಸಿ ಎಂದು ನಾವು ಹೇಳುವುದಿಲ್ಲ. ಲ್ಯಾಬ್ ಅವಧಿಯನ್ನು ಕೆಲಸದ ಅವಧಿಯಾಗಿ ಎಣಿಸುವ ಹಾಗೆ ಈ ಪ್ರಾಕ್ಟಿಕಲನ್ನೂ ಎಣಿಸಬೇಕು, ಅದಕ್ಕೆ ಸಂಬಳ ಕೊಡಬೇಕು.

"ಮಕ್ಕಳು ರಾಜಕೀಯಕ್ಕೆ ಬೀಳುತ್ತಾರೆ, ಊರಲ್ಲಿ ಜಗಳವಾಗುತ್ತದೆ." ಪಂಚಾಯಿತಿ ಠರಾವಿನ ಪ್ರತಿ ಕೇಳಿದರೆ ಜಗಳ ಆಗುತ್ತದೆ ಎಂದಾದರೆ ತಪ್ಪು ಕೇಳಿದವರದ್ದೋ, ಮುಚ್ಚಿಟ್ಟವರದ್ದೋ? ಆದರೂ ಒಬ್ಬ ಹುಡುಗ, ಒಬ್ಬ ಹುಡುಗಿ ಒಂಟಿಯಾಗಿ ಕೇಳುವುದಕ್ಕಿಂತ ಕಾಲೇಜಿನ ಪತ್ರ ಹಿಡಿದು ಇಡೀ ತರಗತಿ ಹೋಗುವುದು ಸುರಕ್ಷಿತ. ಪ್ರಾಕ್ಟಿಕಲ್ ಕಡ್ಡಾಯ ಮಾಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ನಾವು ಕೇಳುವುದು ಇಷ್ಟು

ಒಂದು: ಪ್ರತಿ ವಿದ್ಯಾರ್ಥಿ ತನ್ನ ಊರಿನ ಒಂದು ಗ್ರಾಮಸಭೆಗೆ ಹೋಗಿ ತಾನೇ ನಡಾವಳಿ ಬರೆಯಬೇಕು. ಆಮೇಲೆ ಪಂಚಾಯಿತಿ ಬರೆದ ನಡಾವಳಿಯ ಪ್ರತಿ ತೆಗೆದು ಎರಡನ್ನೂ ಹೋಲಿಸಬೇಕು. ಏನು ಬಿಟ್ಟುಹೋಗಿದೆ, ಏನು ಸೇರಿಕೊಂಡಿದೆ ಎಂದು ಬರೆದರೆ ಅದೇ ಪ್ರಾಕ್ಟಿಕಲ್ ರೆಕಾರ್ಡ್.

ಎರಡು: ಒಂದು ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಸ್ಪಷ್ಟವಾಗಿ ಕನ್ನಡ ಬರೆಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಮೂರು: ಸಕಾಲದಲ್ಲಿ ಯಾರದಾದರೂ ಒಂದು ಅರ್ಜಿಯ ಬೆನ್ನು ಹತ್ತುವುದು. ಅರ್ಜಿ ಕೊಟ್ಟಾಗ ಸಿಗುವ ಜಿಎಸ್‌ಸಿ ಸಂಖ್ಯೆ ಇಟ್ಟುಕೊಂಡು ಎಷ್ಟು ದಿನ ಹಿಡಿಯಿತು ಎಂದು ಬರೆಯುವುದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು ಎಂದು 2011ರ ಕಾಯ್ದೆ ಹೇಳುತ್ತದೆ. ಯಾರು ಕೇಳಿದ್ದಾರೆ ಎಂದು ಊರಲ್ಲಿ ವಿಚಾರಿಸುವುದು.

ನಾಲ್ಕು: ತಾಲ್ಲೂಕು ಕೋರ್ಟಿನಲ್ಲಿ ಒಂದು ಪೂರ್ತಿ ದಿನ. ಎಷ್ಟು ಕೇಸು ಕೂಗಿದರು, ಎಷ್ಟಕ್ಕೆ ಮುಂದಿನ ದಿನಾಂಕ ಬಿತ್ತು ಎಂಬ ಲೆಕ್ಕ.

ಐದು: ದೂರು ಬರೆಯುವ ಪರೀಕ್ಷೆ. ಒಂದು ಘಟನೆ ಕೊಡಿ, ಅದಕ್ಕೆ ದೂರು ಬರೆಸಿ, ಅಂಕ ಕೊಡಿ.

ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಒಂದು ವಿಶ್ವವಿದ್ಯಾಲಯ ಇದೆ, ಅದಕ್ಕೆ 2016ರಲ್ಲಿ ಕಾಯ್ದೆಯಾಯಿತು. ಒಳ್ಳೆಯದು. ಆದರೆ ಹಳ್ಳಿಯ ಬಹುಪಾಲು ಮಕ್ಕಳು ಓದುವುದು ಬಸ್ ಪಾಸ್ ಹಿಡಿದು ಹೋಗುವ ತಾಲ್ಲೂಕು ಕಾಲೇಜಿನಲ್ಲಿ. ಬದಲಾವಣೆ ಅಲ್ಲಿ ಬರಬೇಕು. ನಾಲ್ಕು ವರ್ಷದ ಡಿಗ್ರಿ 2021ರಲ್ಲಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಇಷ್ಟು ದೊಡ್ಡ ತಿರುವುಗಳನ್ನು ಮೂರೇ ವರ್ಷದಲ್ಲಿ ಮಾಡಲು ಸಾಧ್ಯವಾದವರಿಗೆ 25 ಅಂಕದ ಪ್ರಾಕ್ಟಿಕಲ್ ತರುವುದು ಕಷ್ಟವೇ?

ಸಿಲೆಬಸ್ ತೀರ್ಮಾನಿಸುವುದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ. ಅವರಿಗೆ ಹಳ್ಳಿಯಿಂದ ಪತ್ರ ಹೋಗುವುದು ಅಪರೂಪ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಇರುತ್ತದೆ, ಸಾಮಾನ್ಯವಾಗಿ ಶಾಸಕರೇ ಅಧ್ಯಕ್ಷರು. ವೋಟು ಕೇಳಲು ಬಂದಾಗ ಚರಂಡಿ, ರಸ್ತೆಯ ಜೊತೆ ಇದನ್ನೂ ಕೇಳಿ.

ಅದಾಗುವವರೆಗೆ ಕಾಯಬೇಕಿಲ್ಲ. ಮುಂದಿನ ಗ್ರಾಮಸಭೆ ಯಾವಾಗ ಎಂದು ನಾಳೆಯೇ ಪಂಚಾಯಿತಿಯಲ್ಲಿ ವಿಚಾರಿಸಿ. ನಿಮ್ಮ ಮನೆಯ, ನಿಮ್ಮ ಓಣಿಯ ಡಿಗ್ರಿ ಓದುವ ಮಕ್ಕಳಿಗೆ ಹೇಳಿ: "ಈ ಸಲ ನಮ್ ಜೋಡಿ ಬಾ, ನೋಟ್‌ಬುಕ್ ತಗೊಂಡು ಬಾ." ಅವರು ಬರೆದ ನಡಾವಳಿಯ ಫೋಟೋ ನಮಗೆ ಕಳಿಸಿ. ಪಂಚಾಯಿತಿಯ ನಡಾವಳಿಯ ಪಕ್ಕದಲ್ಲಿಟ್ಟು ನಾವು ಪ್ರಕಟಿಸುತ್ತೇವೆ. ಅಂಕ ಕಾಲೇಜು ಯಾವತ್ತಾದರೂ ಕೊಡಲಿ, ಓದು ಇವತ್ತೇ ಶುರುವಾಗಲಿ.